ಪಡಸಾಲೆಯ ನೆನಪು, ಅಡುಗೆಮನೆಯ ನೆನಪು

ಮದುವೆಮನೆಯಲ್ಲೋ, ತಿಥಿಯೂಟ ಮುಗಿದ ಮೇಲೋ ನಾಲ್ಕು ಜನ ಹಿರಿಯರು ಒಂದೆಡೆ ಕೂತರೆ ಮಾತು ಹಳೆಯ ಮನೆಯ ಕಡೆಗೆ ತಿರುಗುತ್ತದೆ. "ಒಂದೇ ಸೂರಿನ ಕೆಳಗೆ ಇಪ್ಪತ್ತು ಜನ ಇದ್ವಿ, ಮಕ್ಕಳು ಯಾವಾಗ ದೊಡ್ಡವಾದವೋ ಗೊತ್ತೇ ಆಗಲಿಲ್ಲ" ಎನ್ನುತ್ತಾರೆ ಯಜಮಾನರು. "ನಿಮಗೆ ಗೊತ್ತಾಗಲಿಲ್ಲ, ನಮಗೆ ಗೊತ್ತಾಯ್ತು" ಎನ್ನುತ್ತಾರೆ ಪಕ್ಕದಲ್ಲಿ ಕೂತ ಅವರ ಹೆಂಡತಿ. ಇಬ್ಬರು ಹೇಳುವುದೂ ನಿಜವೇ. ಒಂದೇ ಮನೆಯಲ್ಲಿ ಒಬ್ಬರು ಪಡಸಾಲೆಯಲ್ಲಿದ್ದರು, ಇನ್ನೊಬ್ಬರು ಅಡುಗೆಮನೆಯಲ್ಲಿದ್ದರು.

ಹಳೆಯ ಕಾಲದ ಮನೆ ಮಕ್ಕಳಿಗೆ ಒಳ್ಳೆಯದಾಗಿತ್ತೇ ಎಂಬ ಪ್ರಶ್ನೆಗೆ ಇಂದಿನ ಬದುಕಿನಲ್ಲೂ ತೂಕವಿದೆ. ಕೆಲಸಕ್ಕೆ ಹೋಗುವ ತಾಯಿ ಆರು ತಿಂಗಳ ಕೂಸನ್ನು ಯಾರ ಕೈಗೆ ಕೊಟ್ಟು ಹೋಗಬೇಕು, ವಯಸ್ಸಾದ ಅಪ್ಪ ಅಮ್ಮ ಯಾವ ಮಗನ ಮನೆಯಲ್ಲಿರಬೇಕು, ಸಂಜೆ ಐದರಿಂದ ಏಳರವರೆಗೆ ಮಗು ಒಂಟಿಯಾಗಿ ಏನು ಮಾಡಬೇಕು ಎಂಬ ಚರ್ಚೆ ಬಂದಾಗಲೆಲ್ಲ "ಹಿಂದೆ ಹೀಗಿರಲಿಲ್ಲ" ಎಂಬ ಮಾತು ಬಂದೇ ಬರುತ್ತದೆ. ಹಳೆಯ ಕಾಲವನ್ನು ಸಾಕ್ಷಿಗೆ ಕರೆದ ಮೇಲೆ ಅದರ ಹೇಳಿಕೆಯನ್ನು ಪೂರ್ತಿ ಕೇಳುವುದು ನ್ಯಾಯ.

ಮೊದಲು ಯಾವ ಮನೆಯ ಮಾತು ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ಹಳೆಯ ಮೈಸೂರು ಸೀಮೆ ಮತ್ತು ಮಲೆನಾಡಿನಲ್ಲಿ, ಸುಮಾರು 1920ರಿಂದ 1960ರವರೆಗೆ ನಾಲ್ಕೈದು ಎಕರೆಯಿಂದ ಹಿಡಿದು ದೊಡ್ಡ ಹಿಡುವಳಿಯವರೆಗೆ ಜಮೀನಿದ್ದ ಕುಟುಂಬಗಳ ಮನೆಯನ್ನು ನಾನಿಲ್ಲಿ ಹೇಳುತ್ತಿದ್ದೇನೆ. ನಡುವೆ ತೊಟ್ಟಿ, ಸುತ್ತ ಜಗಲಿ, ಮುಂದೆ ಪಡಸಾಲೆ, ಒಳಗೆ ನಡುಮನೆ, ಅಡುಗೆಮನೆ, ಹಂಡೆಯಿದ್ದ ಬಚ್ಚಲುಮನೆ, ಮೇಲೆ ಅಟ್ಟ, ಹಿಂದೆ ಕೊಟ್ಟಿಗೆ ಮತ್ತು ಹಿತ್ತಲು. ಇಂಥ ಮನೆಯ ದೊಡ್ಡ ರೂಪವನ್ನು ಇವತ್ತಿಗೂ ಕುಪ್ಪಳಿಯ ಕವಿಮನೆಯಲ್ಲಿ ನೋಡಬಹುದು.

ಆದರೆ ಎಲ್ಲರಿಗೂ ಇಂಥ ಮನೆ ಇತ್ತು ಎಂದುಕೊಳ್ಳುವುದು ತಪ್ಪು. ಸಮಾಜಶಾಸ್ತ್ರಜ್ಞ ಎ.ಎಂ. ಶಾ ಅವರು ಗುಜರಾತಿನ 19ನೆಯ ಶತಮಾನದ ದಾಖಲೆಗಳನ್ನು ಇಟ್ಟುಕೊಂಡು, ಹಿಂದೆಯೂ ಸಣ್ಣ ಕುಟುಂಬಗಳು ಬೇಕಾದಷ್ಟಿದ್ದವು ಎಂದು 1973ರ ತಮ್ಮ ಪುಸ್ತಕದಲ್ಲಿ ತೋರಿಸಿದರು. 1951ರ ಜನಗಣತಿಯ ಹೊತ್ತಿಗೆ ಭಾರತದ ಒಂದು ಮನೆಯಲ್ಲಿ ಸರಾಸರಿ ಇದ್ದದ್ದು ಸುಮಾರು ಐದು ಜನ. ಕೂಡಿ ಬಾಳಲು ಕೂಡಿಟ್ಟ ಆಸ್ತಿ ಬೇಕಿತ್ತು. ಅದಿಲ್ಲದ ಕೂಲಿಯವರ ಗುಡಿಸಿಲಿನಲ್ಲಿ ಇಪ್ಪತ್ತು ಜನರ ಪಂಕ್ತಿ ಎಲ್ಲಿಂದ ಬರಬೇಕು?

ಈ ಮಿತಿಯೊಳಗೆ ಹಳೆಯ ಮನೆಯನ್ನು ಮೆಚ್ಚುವವರ ವಾದವನ್ನು ಅದರ ಪೂರ್ತಿ ಬಲದೊಂದಿಗೆ ಕೇಳಬೇಕು.

ಅವರ ಮೊದಲನೆಯ ಮಾತು, ಮಗುವಿಗೆ ಕೈಗಳು ಹೆಚ್ಚಿದ್ದವು ಎಂಬುದು. ತಾಯಿ ಒಲೆಯ ಮುಂದಿದ್ದರೆ ಮಗು ದೊಡ್ಡಮ್ಮನ ಸೊಂಟದ ಮೇಲೆ, ದೊಡ್ಡಮ್ಮ ನೀರಿಗೆ ಹೋದರೆ ಅತ್ತೆಯ ಮಡಿಲಲ್ಲಿ, ಅತ್ತೆಗೆ ಬೇಸರವಾದರೆ ತಾತನ ಪಂಚೆಯ ಜೋಲಿಯಲ್ಲಿ. ಒಬ್ಬರು ಗದರಿದರೆ ಹೋಗಿ ಅವಿತುಕೊಳ್ಳಲು ಇನ್ನೊಬ್ಬರ ಸೆರಗಿತ್ತು. ರಾತ್ರಿ ಅಜ್ಜಿಯ ಸುತ್ತ ಏಳೆಂಟು ಮಕ್ಕಳು ಕೂತು, ಕಲಸಿದ ಅನ್ನದ ಕೈತುತ್ತನ್ನು ಸರದಿಯ ಮೇಲೆ ತಿನ್ನುವಾಗ ಹೊಟ್ಟೆಗೆ ಊಟ, ಕಿವಿಗೆ ಕಥೆ ಒಟ್ಟಿಗೆ ಬೀಳುತ್ತಿದ್ದವು. ಕಥೆ ಮುಗಿಯುವವರೆಗೆ ತುತ್ತು ಬೇಡ ಎನ್ನುವ ಮಗು ಇರಲಿಲ್ಲ.

ಎರಡನೆಯದು, ಮಗುವಿಗೆ ಮನೆಯಲ್ಲಿ ಒಂದು ಕೆಲಸವಿತ್ತು. ಲಾಂದ್ರದ ಗಾಜು ಒರೆಸುವುದನ್ನೇ ನೋಡಿ. ಹಿಂದಿನ ರಾತ್ರಿಯ ಮಸಿ ಗಾಜಿನ ಒಳಮೈಗೆ ಹಿಡಿದಿರುತ್ತಿತ್ತು. ದೊಡ್ಡವರ ಕೈ ಅದರ ಕಂಠದೊಳಗೆ ತೂರುತ್ತಿರಲಿಲ್ಲ, ಏಳೆಂಟು ವರ್ಷದ ಮಗುವಿನ ಕೈ ಸಲೀಸಾಗಿ ಹೋಗುತ್ತಿತ್ತು. ಒಲೆಯ ಬೂದಿಯನ್ನು ಬಟ್ಟೆಯ ಚೂರಿಗೆ ಹಚ್ಚಿ ಮೆಲ್ಲಗೆ ತಿರುಗಿಸಬೇಕು, ಬೆಳಕಿಗೆ ಹಿಡಿದು ಕಲೆ ಉಳಿದಿದೆಯೇ ನೋಡಬೇಕು, ಬತ್ತಿಯ ಕರಿ ತುದಿಯನ್ನು ಕತ್ತರಿಸಬೇಕು, ಸೀಮೆಎಣ್ಣೆ ಚೆಲ್ಲದಂತೆ ತುಂಬಬೇಕು. ಗಾಜು ಒಡೆದರೆ ಸಂತೆಯವರೆಗೆ ಇನ್ನೊಂದು ಸಿಗುವುದಿಲ್ಲ ಎಂಬುದು ಮಗುವಿಗೆ ಗೊತ್ತಿತ್ತು. ಬೆಂಗಳೂರಿನ ಬೀದಿಗೆ 1905ರಲ್ಲೇ ವಿದ್ಯುತ್ ದೀಪ ಬಂದಿದ್ದರೂ ಹೆಚ್ಚಿನ ಹಳ್ಳಿಗಳು ಅದಕ್ಕಾಗಿ ಇನ್ನೂ ಅರ್ಧ ಶತಮಾನ ಕಾದವು. ಅಷ್ಟೂ ವರ್ಷ ಮನೆಯ ಸಂಜೆಯ ಬೆಳಕು ಮಕ್ಕಳ ಕೈಯಲ್ಲಿತ್ತು. ತನ್ನಿಂದ ಮನೆಗೆ ಏನೋ ಆಗುತ್ತಿದೆ ಎಂಬ ಅರಿವು ಮಗುವಿಗೆ ಕೊಡುವ ಗಟ್ಟಿತನವನ್ನು ಯಾವ ಬೇಸಿಗೆ ಶಿಬಿರವೂ ಕೊಡಲಾರದು.

ಮೂರನೆಯದು ಆಟ. ಚಿನ್ನಿದಾಂಡು, ಲಗೋರಿ, ಕುಂಟೆಬಿಲ್ಲೆ, ಗೋಲಿ, ಬುಗುರಿ, ಮಳೆ ಹಿಡಿದರೆ ಚೌಕಾಬಾರ, ಅಳಗುಳಿಮಣೆ. ಇವಕ್ಕೆ ಹೆಚ್ಚು ಕಾಸು ಬೇಕಿರಲಿಲ್ಲ. ಆಡಿಸುವ ಮೇಷ್ಟ್ರೂ ಇರಲಿಲ್ಲ. ಜಗಳ ಆಡಿದವರೇ ಜಗಳ ತೀರಿಸಬೇಕಿತ್ತು, ಇಲ್ಲದಿದ್ದರೆ ಆಟವೇ ನಿಲ್ಲುತ್ತಿತ್ತು.

ನಾಲ್ಕನೆಯದು, ಮನೆ ಯಾರನ್ನೂ ಬೀದಿಗೆ ಬಿಡುತ್ತಿರಲಿಲ್ಲ. ಗಂಡ ತೀರಿಕೊಂಡ ಸೋದರತ್ತೆ, ತಂದೆ ಇಲ್ಲದ ಅಣ್ಣನ ಮಕ್ಕಳು, ಬುದ್ಧಿ ಬೆಳೆಯದ ಚಿಕ್ಕಪ್ಪ, ಕಣ್ಣು ಕಾಣದ ಮುತ್ತಜ್ಜಿ ಎಲ್ಲರಿಗೂ ಅಲ್ಲೊಂದು ಎಲೆ ಹಾಕುತ್ತಿದ್ದರು. ಪಿಂಚಣಿ, ವಿಮೆ, ವೃದ್ಧಾಶ್ರಮ ಯಾವುದೂ ಇಲ್ಲದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹುಟ್ಟು, ಮುಪ್ಪು, ಸಾವು ಮೂರೂ ಮನೆಯೊಳಗೇ ನಡೆಯುತ್ತಿದ್ದುದರಿಂದ ಮಕ್ಕಳಿಗೆ ಅವು ಅಪರಿಚಿತವಾಗಿರಲಿಲ್ಲ.

ಇನ್ನು ಅಡುಗೆಮನೆಯ ಕಡೆಗೆ ಬರೋಣ.

ಇಪ್ಪತ್ತು ಜನರ ಮನೆಯ ದಿನ ಬೆಳಗಿನ ಜಾವ, ಕೋಳಿ ಕೂಗುವ ಮುಂಚೆ ಬೀಸುವ ಕಲ್ಲಿನಿಂದ ಶುರುವಾಗುತ್ತಿತ್ತು. ಅಂದಂದಿನ ಮುದ್ದೆಗೆ ಅಂದಂದೇ ರಾಗಿ ಬೀಸಬೇಕು. ಆಮೇಲೆ ಕಸ, ಸಗಣಿ ಸಾರಣೆ, ಬಾವಿಯಿಂದಲೋ ಹೊಳೆಯಿಂದಲೋ ನೀರು, ಹಾಲು ಕರೆಯುವುದು, ಮಜ್ಜಿಗೆ ಕಡೆಯುವುದು, ಹೊಗೆ ಕವಿದ ಒಲೆಯ ಮುಂದೆ ಎರಡು ಹೊತ್ತಿನ ಅಡುಗೆ, ಭತ್ತ ಕುಟ್ಟುವುದು. ಬಡಿಸುವಾಗ ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಹೆಂಗಸರು. ಹೆಂಗಸರಲ್ಲೂ ಕಿರಿಯ ಸೊಸೆ ಎಲ್ಲರಿಗಿಂತ ಕೊನೆಗೆ. ಅಷ್ಟು ಹೊತ್ತಿಗೆ ಪಾತ್ರೆಯ ತಳದಲ್ಲಿ ಉಳಿದದ್ದೇ ಅವಳ ಊಟ. ಬಸುರಿಯಾಗಿದ್ದರೂ ಈ ಸರದಿ ಬದಲಾಗುತ್ತಿದ್ದುದು ಅಪರೂಪ.

ಬೀಸುವ ಕಲ್ಲಿನ ಜೊತೆಗೆ ಹಾಡು ಹುಟ್ಟಿತು ಎಂದು ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆ ಸರಿಯಾದದ್ದೇ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ 'ಗರತಿಯ ಹಾಡು' ಕನ್ನಡದ ದೊಡ್ಡ ಸಂಪತ್ತು. ಆದರೆ ಆ ತ್ರಿಪದಿಗಳಲ್ಲಿ ತವರಿನ ಹಂಬಲ, ಅತ್ತೆಮನೆಯ ಸಂಕಟ ಎಷ್ಟು ತುಂಬಿಕೊಂಡಿವೆ ಎಂಬುದನ್ನೂ ಗಮನಿಸಬೇಕು. ಹಗಲು ಯಾರ ಮುಂದೆಯೂ ಆಡಲಾಗದ್ದನ್ನು ನಸುಕಿನಲ್ಲಿ ಕಲ್ಲಿನ ಮುಂದೆ ಹೇಳಿಕೊಂಡ ಮಾತುಗಳವು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹಾಡು ಕಡಿಮೆಯಾಯಿತು. ಅದು ನಷ್ಟವೇ. ಕಲ್ಲು ತಿರುಗಿಸಿದವರಾರೂ ಮತ್ತೆ ಆ ಗೂಟ ಹಿಡಿಯುತ್ತೇವೆ ಎನ್ನಲಿಲ್ಲ ಎಂಬುದೂ ಅಷ್ಟೇ ನಿಜ.

ಮಕ್ಕಳ ಲೆಕ್ಕಕ್ಕೆ ಬಂದರೆ ಎಲ್ಲಕ್ಕಿಂತ ಮೊದಲು ಸಾವಿನ ಲೆಕ್ಕ ಇಡಬೇಕು. 1951ರ ಸುಮಾರಿಗೆ ಭಾರತದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 140ಕ್ಕೂ ಹೆಚ್ಚು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ಮೂಗು ಚುಚ್ಚಿಸಿ, ತಿಪ್ಪಯ್ಯ ಎಂದೋ ತಿಪ್ಪಮ್ಮ ಎಂದೋ ಹೆಸರಿಡುತ್ತಿದ್ದರು. ಯಾರಿಗೂ ಬೇಡದ ಕೂಸು ಎಂದು ಸಾವು ಮೋಸಹೋಗಲಿ ಎಂಬ ಆಸೆ. ಒಬ್ಬ ತಾಯಿ ಆ ಆಸೆಗೆ ಬರಬೇಕಾದರೆ ಅದಕ್ಕೆ ಮುಂಚೆ ಎಷ್ಟು ಕೂಸುಗಳನ್ನು ಮಣ್ಣಿಗೆ ಕೊಟ್ಟಿರಬೇಕು! ಪ್ಲೇಗು ಬಂದರೆ ಇಡೀ ಊರು ಮನೆ ಬಿಟ್ಟು ಹೊಲದಲ್ಲಿ ಜೋಪಡಿ ಹಾಕಿಕೊಳ್ಳುತ್ತಿತ್ತು. ಎಸ್.ಎಲ್. ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. 1970ರ ಅವರ 'ಗೃಹಭಂಗ' ಓದಿದವರಿಗೆ ಆ ಕಾಲದ ಮನೆ ಎಷ್ಟು ಬೇಗ ಬರಿದಾಗಬಲ್ಲದಿತ್ತು ಎಂಬುದು ಗೊತ್ತು.

ಎರಡೂ ಕಡೆಯ ಸತ್ಯ ಒಂದೇ ಬದುಕಿನಲ್ಲಿ ಕೂಡಿದ್ದನ್ನು ನೋಡಬೇಕೆಂದರೆ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರ ಬದುಕು ನೋಡಬೇಕು. ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ ಅವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅದೂ ದುಡ್ಡು ಕೇಳದೆ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಕೊನೆಗೆ ತೀರಿಕೊಂಡರು. ಅಜ್ಜಿಯಿಂದ ಮೊಮ್ಮಗಳಿಗೆ ಹೀಗೆ ವಿದ್ಯೆ ಇಳಿಯುವುದು ಹಳೆಯ ಮನೆಯ ಹಿರಿಮೆ. ಆದರೆ ಆ ನರಸಮ್ಮನವರಿಗೆ ಮದುವೆಯಾದಾಗ 12 ವರ್ಷ. ಹೆತ್ತ 12 ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ಹೋದವು. ಊರಿನ ಕೂಸುಗಳನ್ನೆಲ್ಲ ಎತ್ತಿಕೊಂಡ ಕೈಗೂ ತನ್ನ ಮಕ್ಕಳೆಲ್ಲರನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಹೆಣ್ಣುಮಕ್ಕಳ ಬಾಲ್ಯ ಎಲ್ಲಿಗೆ ಮುಗಿಯುತ್ತಿತ್ತು ಎಂಬುದನ್ನು ಕಾನೂನಿನ ಪುಸ್ತಕವೇ ಹೇಳುತ್ತದೆ. ಮೈಸೂರು ಸಂಸ್ಥಾನ 1894ರಲ್ಲಿ, 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನೂ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ತಡೆಯುವ ಕಾಯಿದೆ ಮಾಡಿತು. ಆ ಕಾಲಕ್ಕೆ ಅದು ಮುಂದುವರಿದ ಹೆಜ್ಜೆ. ಅಂಥದ್ದನ್ನು ಕಾಯಿದೆ ಮಾಡಿ ತಡೆಯಬೇಕಿತ್ತು ಎಂಬುದೇ ಆ ಕಾಲದ ಬಗ್ಗೆ ಸಾಕಷ್ಟು ಹೇಳುತ್ತದೆ. 1930ರಲ್ಲಿ ಜಾರಿಗೆ ಬಂದ ಶಾರದಾ ಕಾಯಿದೆ ಹುಡುಗಿಗೆ 14 ವರ್ಷ ಎಂದು ಗೊತ್ತುಮಾಡಿತು. ಮನೆ ಯಾರನ್ನೂ ಬೀದಿಗೆ ಬಿಡುತ್ತಿರಲಿಲ್ಲ ಎಂದೆವಲ್ಲ, ಗಂಡ ತೀರಿಕೊಂಡ ಆ ಸೋದರತ್ತೆ ಯಾವ ವಯಸ್ಸಿಗೆ ಬಂದು, ತಲೆ ಬೋಳಿಸಿಕೊಂಡು, ಯಾವ ಕೋಣೆಯಲ್ಲಿ ಎಷ್ಟು ವರ್ಷ ಇದ್ದಳು ಎಂಬುದನ್ನು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಎಲೆ ಹಾಕುತ್ತಿದ್ದರು, ನಿಜ. ಹಗಲಿರುಳು ದುಡಿಸಿಕೊಂಡು ಹಾಕುತ್ತಿದ್ದರು. 1951ರಲ್ಲಿ ದೇಶದ ನೂರು ಹೆಂಗಸರಲ್ಲಿ ಓದಲು ಬರೆಯಲು ಬಲ್ಲವರು 9 ಜನ. ಕೂಸು ಎತ್ತಿಕೊಳ್ಳಲು ಮನೆಯಲ್ಲಿ ಸದಾ ಒಬ್ಬ ಹುಡುಗಿ ಇರುತ್ತಿದ್ದುದಕ್ಕೆ ಅವಳು ಶಾಲೆಗೆ ಹೋಗದಿದ್ದುದೂ ಒಂದು ಕಾರಣ.

ಇನ್ನೊಂದು ಮಗುವನ್ನೂ ನೆನೆಯಬೇಕು. ಅದು ಆ ತೊಟ್ಟಿಮನೆಯ ಹಿಂಬಾಗಿಲವರೆಗೆ ಮಾತ್ರ ಬರುತ್ತಿತ್ತು. ಕೊಟ್ಟಿಗೆ ಬಳಿಯುವ, ದನ ಮೇಯಿಸುವ ಜೀತದ ಹುಡುಗ. ಅಪ್ಪನ ಸಾಲಕ್ಕೆ ದುಡಿಯುತ್ತಿದ್ದ ಅವನಿಗೂ ಏಳೆಂಟು ವರ್ಷವೇ. ಸಿದ್ಧಲಿಂಗಯ್ಯನವರು ಆತ್ಮಕಥೆ 'ಊರುಕೇರಿ'ಯಲ್ಲಿ, ಎತ್ತಿನ ಬದಲು ಮನುಷ್ಯರ ಹೆಗಲಿಗೆ ನೊಗ ಹೂಡಿ ಉಳುವುದನ್ನು ಚಿಕ್ಕಂದಿನಲ್ಲಿ ಕಂಡದ್ದನ್ನು, ನೊಗಕ್ಕೆ ಹೆಗಲು ಕೊಟ್ಟವರಲ್ಲಿ ತಮ್ಮ ತಂದೆಯೂ ಒಬ್ಬರಾಗಿದ್ದುದನ್ನು ಬರೆದಿದ್ದಾರೆ. ಅದೇ ನಾಡು, ಹೆಚ್ಚುಕಡಿಮೆ ಅದೇ ಕಾಲ. ಒಂದು ಮನೆಯ ಮಗು ಅಜ್ಜಿಯ ಕೈತುತ್ತು ತಿನ್ನುತ್ತಿದ್ದಾಗ ಆ ಅನ್ನ ಬೆಳೆದ ಮನೆಯ ಮಗು ಹೀಗಿತ್ತು. ಜೀತ ನಿಷೇಧದ ಕಾಯಿದೆ ಬರಲು 1976ರವರೆಗೆ ಕಾಯಬೇಕಾಯಿತು.

ಸ್ಥಿತಿವಂತರ ಮನೆಯ ಗಂಡುಮಗುವಿಗೂ ಎಲ್ಲ ಸುಖವಿರಲಿಲ್ಲ. ಕೂಲಿಮಠದಲ್ಲಿ ಮಗ್ಗಿ ತಪ್ಪಿದರೆ ಜಂತಿಯ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ, ಮನೆಯಲ್ಲಿ ಹುಣಸೆ ಬರಲು. ದೊಡ್ಡವರ ಮಾತಿಗೆ ಎದುರು ಮಾತಿಲ್ಲ ಎಂಬ ನಿಯಮ ಮನೆಯನ್ನು ಒಟ್ಟಿಗೆ ಹಿಡಿದಿತ್ತು. ಅದೇ ನಿಯಮ, ದೊಡ್ಡವರಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡಾಗ ಮಗುವಿನ ಬಾಯಿ ಕಟ್ಟಿತ್ತು. ಅಷ್ಟು ಜನರಿದ್ದ ಮನೆಯಲ್ಲಿ ಹೇಳಿಕೊಳ್ಳಲು ಒಬ್ಬರೂ ಇಲ್ಲದ ಮಕ್ಕಳೂ ಇದ್ದವು.

ಇದಕ್ಕೆ ಹಳೆಯ ಮನೆಯ ಪರವಾದವರ ಉತ್ತರವಿದೆ, ಅದರಲ್ಲಿ ಹುರುಳೂ ಇದೆ. ಪ್ಲೇಗು, ಸಿಡುಬು, ಬಡತನ, ಜಾತಿ ಇವು ಆ ಕಾಲದ ಪಿಡುಗುಗಳು, ಅವನ್ನು ಮನೆಯ ಮೇಲೆ ಹೊರಿಸುವುದೇಕೆ ಎಂದು ಅವರು ಕೇಳುತ್ತಾರೆ. ಸಿಡುಬು ಈ ದೇಶದಿಂದ 1975ರಲ್ಲಿ ಹೋದದ್ದು ಲಸಿಕೆಯಿಂದ, ಅಣ್ಣತಮ್ಮಂದಿರು ಬೇರೆಯಾದದ್ದರಿಂದಲ್ಲ. ಕೂಡಿ ಬಾಳುತ್ತಲೇ ಮಕ್ಕಳಿಗೆ ಲಸಿಕೆ ಹಾಕಿಸಬಹುದಿತ್ತು, ಹೆಣ್ಣುಮಕ್ಕಳನ್ನು ಓದಿಸಬಹುದಿತ್ತು. ಓದಿಸಿದ ಮನೆಗಳೂ ಇದ್ದವು. ಈ ಮಾತನ್ನು ಒಪ್ಪಲೇಬೇಕು.

ಆದರೆ ಎಲ್ಲವನ್ನೂ ಕಾಲದ ಮೇಲೆ ಹಾಕಿ ಮನೆಯನ್ನು ಬಿಡಿಸಿಕೊಳ್ಳುವಂತಿಲ್ಲ. ಸೊಸೆ ಕೊನೆಗೆ ಉಣ್ಣಬೇಕು ಎಂಬ ಕಟ್ಟಳೆ ಯಾವ ರೋಗದಿಂದಲೂ ಬಂದದ್ದಲ್ಲ. ಮಗಳಿಗೆ ಆಸ್ತಿಯಿಲ್ಲ ಎಂಬುದು ಬಡತನದಿಂದ ಬಂದದ್ದಲ್ಲ. ಒಟ್ಟು ಆಸ್ತಿ, ಒಬ್ಬ ಯಜಮಾನ, ದುಡಿದರೂ ಕಾಸು ಕಾಣದ ಹೆಂಗಸರು, ಇವು ಆ ಮನೆಯ ಅಡಿಪಾಯದಲ್ಲೇ ಇದ್ದವು. ಕರ್ನಾಟಕದಲ್ಲಿ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹಕ್ಕು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ.

ಹೊಸ ಮನೆಯ ಪರ ಮಾತಾಡುವವರೂ ಇದೇ ಪರೀಕ್ಷೆಗೆ ನಿಲ್ಲಬೇಕು. ಇವತ್ತಿನ ಮಗು ಬದುಕಿ ಉಳಿಯುತ್ತದೆ, ಶಾಲೆಗೆ ಹೋಗುತ್ತದೆ, ಅಪ್ಪನನ್ನು ಹೆಸರು ಹಿಡಿದು ಕೂಗಿದರೂ ಏಟು ಬೀಳುವುದಿಲ್ಲ. ಇವು ದೊಡ್ಡ ಗಳಿಕೆಗಳು. ಆದರೆ ಸೊಸೆ ಅಡುಗೆಮನೆಯಿಂದ ಬಿಡುಗಡೆಯಾದಳು ಎಂಬುದು ಅರ್ಧ ಸತ್ಯ. ಆಫೀಸಿನಿಂದ ಬಂದವಳು ಮತ್ತೆ ಒಲೆಯ ಮುಂದೆಯೇ ನಿಲ್ಲುತ್ತಾಳೆ, ಈಗ ಪಕ್ಕದಲ್ಲಿ ಓರಗಿತ್ತಿಯೂ ಇಲ್ಲ. ಬಾಣಂತನಕ್ಕೆ ತಾಯಿ ಮೂರು ತಿಂಗಳು ಬಂದುಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ಅಳುವ ಕೂಸು ಮತ್ತು ಅವಳು, ಇಬ್ಬರೇ. ಮಗುವಿಗೆ ಊಟ ಮಾಡಿಸಲು ಮೊಬೈಲು ಹಿಡಿಯುವುದು ಸೋಮಾರಿತನದಿಂದಲ್ಲ, ಇನ್ನೊಂದು ಜೊತೆ ಕೈ ಇಲ್ಲದ್ದರಿಂದ. ಅತ್ತ ಊರಿನ ಮನೆಯಲ್ಲಿ ಮೊಮ್ಮಗುವನ್ನು ಪರದೆಯ ಮೇಲೆ ನೋಡಿ ತೃಪ್ತಿಪಟ್ಟುಕೊಳ್ಳುವ ಅಜ್ಜಿ. ಮಗುವಿಗೆ ಮನೆಯ ಯಾವ ಕೆಲಸವನ್ನೂ ಹೇಳದೆ ಓದು ಒಂದನ್ನೇ ಹೊರಿಸಿದ್ದೇವೆ. ಅಂಕ ಕಡಿಮೆ ಬಂದರೆ ತಾನು ಯಾವುದಕ್ಕೂ ಬೇಡದವನು ಎಂದು ಅದು ಅಂದುಕೊಂಡರೆ ಆಶ್ಚರ್ಯವೇನಿದೆ?

ಎರಡೂ ಕಡೆಯನ್ನು ಕೇಳಿದ ಮೇಲೆ ನನಗೆ ಅನ್ನಿಸುವುದು ಇದು. ಹಳೆಯ ಮನೆಯ ಒಳ್ಳೆಯದನ್ನು ಅದಕ್ಕೆ ತೆತ್ತ ಬೆಲೆಯಿಂದ ಬಿಡಿಸಿ ನೋಡಲು ಸಾಧ್ಯವಿದೆ. ಮಗುವಿನ ಸುತ್ತ ನಾಲ್ಕು ಜನ ಬೇಕು ಎಂಬುದು ಬಾಲ್ಯವಿವಾಹ ಇದ್ದರೆ ಮಾತ್ರ ಸಿಗುವ ಸುಖವಲ್ಲ. ಆ ನಾಲ್ಕು ಜನರಲ್ಲಿ ಒಬ್ಬರು ತಂದೆಯಾಗಿರಬಹುದು. ಹಳೆಯ ಮನೆಯಲ್ಲಿ ಮಗುವಿಗೆ ಸ್ನಾನ ಮಾಡಿಸಿದ, ಜ್ವರದ ರಾತ್ರಿ ಎದ್ದು ಕೂತ ತಂದೆ ಅಪರೂಪ. ಅಲ್ಲಿ ಬಳಕೆಯಾಗದೆ ಉಳಿದಿದ್ದ ಕೈ ಅದೊಂದೇ. ಅಜ್ಜ ಅಜ್ಜಿ ಜೊತೆಗಿರಬಹುದು, ತಮ್ಮ ಇಷ್ಟದಿಂದ, ಮನೆಗೆಲಸದ ಆಳಾಗಿ ಅಲ್ಲ. ಲಾಂದ್ರ ಇಲ್ಲದಿದ್ದರೂ ತಟ್ಟೆ ತೊಳೆಯುವ, ಸೊಪ್ಪು ಸೋಸುವ, ಬಟ್ಟೆ ಮಡಿಸುವ ಕೆಲಸವನ್ನು ಗಂಡು ಹೆಣ್ಣು ಎನ್ನದೆ ಮಕ್ಕಳಿಗೆ ಕೊಡಬಹುದು.

ಮನೆಯೊಂದರಿಂದಲೇ ಇದೆಲ್ಲ ಆಗುವಂಥದ್ದೂ ಅಲ್ಲ. 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಅದನ್ನು ಮೊದಲು ಪಡೆದ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ದೊಡ್ಡಮ್ಮನ ಸೊಂಟ ಇಲ್ಲದ ಮಗುವಿಗೆ ಊರೇ ಒಂದು ಸೊಂಟ ಕೊಟ್ಟಂತಾಯಿತು, ಅದೂ ಹಿಂಬಾಗಿಲ ಮಗುವನ್ನೂ ಒಳಗೆ ಕೂರಿಸಿ. ಈಚೆಗೆ ಗ್ರಾಮ ಪಂಚಾಯಿತಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ತೆರೆದ 'ಕೂಸಿನ ಮನೆ'ಗಳೂ ಇದೇ ದಾರಿಯವು. ಇಲ್ಲಿಯೂ ಕೇಳಬೇಕಾದ ಹಳೆಯ ಪ್ರಶ್ನೆ ಒಂದಿದೆ: ಕೂಸು ಎತ್ತಿಕೊಂಡ ಆ ಹೆಂಗಸಿಗೆ ಅವಳ ದುಡಿಮೆಗೆ ತಕ್ಕ ಸಂಬಳ ಸಿಗುತ್ತಿದೆಯೇ? ಅಂಗನವಾಡಿ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಮತ್ತೆ ಮತ್ತೆ ಬೀದಿಗೆ ಬಂದು ಕೂರಬೇಕಾಗಿರುವುದನ್ನು ನೋಡಿದರೆ, ಕಿರಿಯ ಸೊಸೆಗೆ ಕೊನೆಗೆ ಬಡಿಸುವ ಅಭ್ಯಾಸ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಮಗುವನ್ನು ಬೆಳೆಸುವುದು ಒಬ್ಬಳಿಂದ ಆಗುವ ಕೆಲಸವಲ್ಲ ಎಂಬುದು ಹಳೆಯ ಮನೆಗೆ ಗೊತ್ತಿತ್ತು. ಆ ಕೆಲಸಕ್ಕೆ ಯಾರನ್ನೂ ಅವರ ಇಷ್ಟಕ್ಕೆ ವಿರುದ್ಧವಾಗಿ ಕಟ್ಟಿಹಾಕಬಾರದು ಎಂಬುದನ್ನು ಈ ಕಾಲ ಕಲಿತಿದೆ. ಎರಡರಲ್ಲಿ ಒಂದನ್ನಷ್ಟೇ ಪಾಲಿಸುವುದು ಸುಲಭ, ನಾವೆಲ್ಲ ಮಾಡಿಕೊಂಡು ಬಂದಿರುವುದೂ ಅದನ್ನೇ. ಎರಡನ್ನೂ ಒಟ್ಟಿಗೆ ಪಾಲಿಸಬೇಕಾದರೆ ಗಂಡಸರು ಮನೆಗೆಲಸದಲ್ಲಿ ತಮ್ಮ ಪಾಲು ಹೊರಬೇಕು, ಸರ್ಕಾರ ಕೂಸು ನೋಡಿಕೊಳ್ಳುವವರಿಗೆ ಸರಿಯಾದ ಸಂಬಳ ಕೊಡಬೇಕು. ಈ ಎರಡು ಮಾತಿಗೆ ಒಪ್ಪಿದವರು ಹಳೆಯ ಮನೆಯನ್ನು ಎಷ್ಟು ಬೇಕಾದರೂ ಹೊಗಳಲಿ, ಅವರ ಹೊಗಳಿಕೆಗೆ ಅರ್ಥವಿದೆ.